ಹೇಳದೆ ಉಳಿದ ಪೆಟ್ಟು

ಈ ಬರಹದಲ್ಲಿ ಬರುವ ಏಳು ವಾರಗಳು ಪೂರ್ತಿ ನನ್ನವಲ್ಲ. ಆ ವಾರಗಳಲ್ಲಿ ನಾನು ಹರಪನಹಳ್ಳಿಯ ನಮ್ಮ ಮನೆಯಲ್ಲೇ ಇದ್ದೆ, ಕಾಲೇಜಿಗೆ ಹೋಗಿ ಪಾಠ ಮಾಡಿದೆ, ಉಂಡೆ, ಜಗಳ ಆಡಿದೆ. ಆದರೆ ಅದರಲ್ಲಿ ನನಗೆ ನಿಜವಾಗಿ ನೆನಪಿರುವುದೆಷ್ಟು, ಆಮೇಲೆ ಬೇರೆಯವರ ಬಾಯಿಂದ ಕೇಳಿ ಕೇಳಿ ನನ್ನದಾದದ್ದೆಷ್ಟು ಎಂದು ಬಿಡಿಸಿ ಹೇಳಲಾರೆ. ಇಪ್ಪತ್ತು ವರ್ಷ ಇತಿಹಾಸ ಕಲಿಸಿದವನಿಗೆ ಇದು ಸಣ್ಣ ಅವಮಾನವಲ್ಲ. ಗುಣವಾದ ಮೇಲೆ ಒಂದು ನೋಟುಪುಸ್ತಕ ಹಿಡಿದು ಮನೆಯವರನ್ನೂ ಓಣಿಯವರನ್ನೂ ಒಬ್ಬೊಬ್ಬರಾಗಿ ಕೇಳಿ ಬರೆದುಕೊಂಡೆ. ಒಬ್ಬೊಬ್ಬರದು ಒಂದೊಂದು ಹೇಳಿಕೆ. ಇದೇ ಬಗೆಯ ಭಯವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಯಾರಿಗೂ ಹೇಳದೆ ಓಡಾಡುತ್ತಿರುವವರು ಎಲ್ಲೋ ಇದ್ದಾರು ಎಂಬ ಒಂದೇ ಕಾರಣಕ್ಕೆ, ಅವೆಲ್ಲವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಹೋದ ಪದ ಜೀರಿಗೆ.

ನಮ್ಮ ಓಣಿಯ ತುದಿಯಲ್ಲಿ ಕೊಟ್ರೇಶನ ಕಿರಾಣಿ ಅಂಗಡಿ ಇದೆ. ಅವತ್ತು ಹೋಗಿ ನಿಂತು “ನೂರು ಗ್ರಾಂ” ಎಂದೆ. ಮುಂದಿನ ಪದ ಬರಲಿಲ್ಲ. ಅದರ ಬಣ್ಣ ಕಣ್ಣಿಗೆ ಕಟ್ಟಿತ್ತು, ಕಾದ ಎಣ್ಣೆಗೆ ಬಿದ್ದಾಗಿನ ಸದ್ದೂ ಕೇಳುತ್ತಿತ್ತು. ಹೆಸರು ಮಾತ್ರ ಇಲ್ಲ.

“ಏನ್ ಕೊಡ್ಲಿ ಸರ್?”

“ಅದು, ಒಗ್ಗರಣಿಗೆ ಹಾಕ್ತಾರಲ್ಲ.”

“ಸಾಸಿವಿ?”

“ಅಲ್ಲ.”

“ಕರಿಬೇವು ನಮ್ಮಲ್ಲಿ ಇಡಲ್ರಿ, ಸಂತ್ಯಾಗ ತಗೋಬೇಕು.”

“ಅದಲ್ಲಪ್ಪ. ಸಣ್ಣಂದು. ಉದ್ದಕ ಇರ್ತೈತಿ.”

“ಇದೇನ್ ಸರ್, ಇಲ್ಲೂ ಪರೀಕ್ಷಿ ಇಟ್ರೇನು? ನಾನು ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾದಾವ. ಈಗ ಮತ್ತ ಯಾಕ ಜೀವ ತಿಂತೀರಿ?”

ಅಂಗಡಿ ಮುಂದೆ ನಿಂತವರು ನಕ್ಕರು. ನಾನೂ ನಗಬಹುದಿತ್ತು. ನಗುವ ಬದಲು, ಡಬ್ಬಿಗಳ ಮೇಲೆ ಹೆಸರು ಬರೆಯದೆ ವ್ಯಾಪಾರ ಮಾಡುವುದು ಗಿರಾಕಿಗೆ ಮಾಡುವ ಅವಮಾನ ಎಂದು ಕೊಟ್ರೇಶನಿಗೆ ಎಲ್ಲರ ಎದುರು ಬೈದು ಬರಿಗೈಯಲ್ಲಿ ಹೊರಟೆ. ಮನೆಯ ಗೇಟು ಮುಟ್ಟಿದಾಗ ಪದ ತಾನೇ ಬಂತು. ಜೀರಿಗೆ, ಜೀರಿಗೆ ಎಂದು ಹತ್ತಾರು ಸಲ ಪಿಸುಗುಟ್ಟಿಕೊಂಡೆ.

ಇದು ನನಗೆ ನೆನಪಿರುವ ರೀತಿ. ಅದು ಸಂಜೆ, ಅಂಗಡಿಯಲ್ಲಿ ಬಲ್ಬು ಉರಿಯುತ್ತಿತ್ತು. ಆದರೆ ನೋಟುಪುಸ್ತಕದಲ್ಲಿ ಕೊಟ್ರೇಶನ ಹೇಳಿಕೆ ಬೇರೆ. ಅದು ಬೆಳಿಗ್ಗೆ, ಅವನು ಆಗತಾನೆ ಪೂಜೆ ಮುಗಿಸಿ ಊದಿನಕಡ್ಡಿ ಹಚ್ಚಿದ್ದ, ನಾನು ಕೇಳಲು ಒದ್ದಾಡಿದ್ದು ಜೀರಿಗೆಯಲ್ಲ, ಓಮ. ಹಾಗಾದರೆ ಗೇಟಿನ ಹತ್ತಿರ ನನಗೆ ಮರಳಿ ಬಂದ ಪದ ಯಾವುದು? ಇವತ್ತಿಗೂ ನನಗೆ ಇದು ಬಗೆಹರಿದಿಲ್ಲ.

ಊರಲ್ಲಿ ನನಗೆ ಒಂದು ಹೆಸರಿತ್ತು, ಸರ್ ಬರೆದುಕೊಟ್ಟ ಅರ್ಜಿ ವಾಪಸು ಬರುವುದಿಲ್ಲ ಅಂತ. ಕೆಟ್ಟ ಫ್ರಿಜ್ಜು, ತಪ್ಪು ಕರೆಂಟ್ ಬಿಲ್ಲು, ಬಾರದ ಗ್ಯಾಸು, ಏನೇ ಇದ್ದರೂ ಜನ ನನ್ನ ಹತ್ತಿರ ಬರುತ್ತಿದ್ದರು. ನಾನು ಎಲ್ಲರಿಗೂ ಹೇಳುತ್ತಿದ್ದುದು ಒಂದೇ. ಏನಾಯಿತು, ಯಾವತ್ತು ಆಯಿತು, ನಿಮಗೇನು ಬೇಕು, ಇಷ್ಟೇ ಬರೆಯಿರಿ. ‘ನೀವು ಮೋಸಗಾರರು’ ಅಂತ ಬರೆದರೆ ಓದುವವನು ಅಲ್ಲಿಗೇ ಬಿಡುತ್ತಾನೆ. ‘ತಂದ ಹನ್ನೊಂದನೆಯ ದಿನ ನಿಂತುಹೋಯಿತು’ ಅಂತ ಬರೆದರೆ ಅವನು ಉತ್ತರ ಕೊಡಲೇಬೇಕು. ಒಂದೊಂದು ಪದವನ್ನೂ ತೂಗಿ ಇಡುವವನು ಎಂಬ ಜಂಬ ನನಗಿತ್ತು.

ಜೀರಿಗೆಯ ನಂತರದ ವಾರ ಪಕ್ಕದ ಮನೆಯ ಹುಸೇನಬಿ ತಮ್ಮ ಮಿಕ್ಸರಿನ ದೂರು ಬರೆಸಿಕೊಂಡು ಹೋದರು. ಮರುದಿನ ಅದನ್ನು ಮಡಚಿ ತಂದು ನನ್ನ ಹೆಂಡತಿ ರತ್ನಳ ಕೈಗೆ ಕೊಟ್ಟರಂತೆ. “ಬ್ಯಾಸರ ಮಾಡ್ಕೋಬ್ಯಾಡವ್ವ, ಸರ್ ಬರ್ದದ್ದು ನನ್ನ ಮಗಳಿಗೆ ತಿಳೀವಲ್ದು.” ರತ್ನ ಓದಿ ನೋಡಿದಳು. ಮೊದಲ ವಾಕ್ಯ ಮೂರು ಸಲ ಇತ್ತು. ಮಿಕ್ಸರ್ ಎಂದಿರಬೇಕಾದ ಕಡೆ ಒಮ್ಮೆ ಕುಕ್ಕರ್ ಎಂದಿತ್ತು, ಇನ್ನೊಮ್ಮೆ ಕುರ್ಚಿ. ಅವಳು ತಾನೇ ಹೊಸದಾಗಿ ಬರೆದುಕೊಟ್ಟು, ನನ್ನ ಹಾಳೆಯನ್ನು ಸೀರೆಗಳ ಕೆಳಗೆ ಇಟ್ಟಳು. ನನಗೆ ಹೇಳಲಿಲ್ಲ.

ನಾನೂ ಅವಳಿಗೆ ಹೇಳಿರಲಿಲ್ಲ. ಬೆಳಿಗ್ಗೆ ಏಳುವಾಗ ಎಡಗಡೆ ತಲೆ ಭಾರವಾಗಿ ನೋಯುತ್ತಿತ್ತು. ಹಾಸಿಗೆಯಲ್ಲೇ ಮಲಗಿ ರಾಜರ ಹೆಸರುಗಳನ್ನು ಸಾಲಾಗಿ ಹೇಳಿಕೊಳ್ಳುತ್ತಿದ್ದೆ. ತಪ್ಪದೆ ಬಂದ ದಿನ ಎದ್ದು ಹಾಡುತ್ತ ಸ್ನಾನ ಮಾಡುತ್ತಿದ್ದೆ. ನಡುವೆ ಒಬ್ಬ ರಾಜ ಕಾಣೆಯಾದ ದಿನ ಗೋಡೆ ನೋಡುತ್ತ ಮಲಗುತ್ತಿದ್ದೆ. ರತ್ನ ಬಾಗಿಲಲ್ಲಿ ನಿಂತು “ತಲಿ ನೋಯ್ತೈತೇನ್ರಿ?” ಎಂದರೆ “ನಿದ್ದಿ ಸಾಲ್ದು” ಎನ್ನುತ್ತಿದ್ದೆ.

ನನ್ನ ಭಯಕ್ಕೆ ಒಂದು ಮುಖ ಇತ್ತು. ಅದು ನಮ್ಮಪ್ಪನದು. ಹಲವಾಗಲಿನ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕಿದವನು ಅವನು. ನೂರು ಕುರಿಗಳನ್ನು ಮುಖ ನೋಡಿ ಗುರುತು ಹಿಡಿಯುತ್ತಿದ್ದವನು ಕೊನೆಯ ನಾಲ್ಕು ವರ್ಷ ನನ್ನನ್ನು ಗುರುತು ಹಿಡಿಯಲಿಲ್ಲ. ನಾನು ಊರಿಗೆ ಹೋದರೆ ಎದ್ದು ನಿಂತು, “ಯಾರ್ರಿ ಸಾಹೇಬ್ರ, ಕುಂದರ್ರಿ” ಎಂದು ಕಂಬಳಿ ಹಾಸುತ್ತಿದ್ದ. ಅವನಿಗೆ ಆಗ ಎಪ್ಪತ್ತು ದಾಟಿತ್ತು. ನನಗೆ ನಲವತ್ತೇಳು.

ಹೆಸರುಗಳ ನಂತರ ಚಪ್ಪಲಿ. ಒಂದು ಮಧ್ಯಾಹ್ನ ಬಸ್ ನಿಲ್ದಾಣ ದಾಟುತ್ತಿದ್ದೆ. ಹಿಂದಿನಿಂದ ಹೂ ಮಾರುವ ಮುದುಕಿ ಕೂಗಿದಳು. “ಯಪ್ಪಾ, ಚಪ್ಲಿ ಅಲ್ಲೇ ಬಿಟ್ಟು ಹೊಂಟೀಯಲ್ಲೋ, ಇದೇನು ಗುಡಿ ಅಂದ್ಕಂಡೀಯೇನು?” ಕೆಳಗೆ ನೋಡಿದೆ. ಬಲಗಾಲು ಬರಿಗಾಲು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಇಪ್ಪತ್ತು ಹೆಜ್ಜೆ ನಡೆದಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ಅವತ್ತು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಎದ್ದರೆ ಇನ್ನೇನು ಕಳೆದುಹೋಗುತ್ತದೋ ಎಂದು ಏಳಲು ಹೆದರಿದೆ.

ಮುದುಕಿ ನನ್ನನ್ನು ಆಟೋ ಹತ್ತಿಸಿ ಕಳಿಸಿದಳು. ಸಂಜೆ ರತ್ನ ನಮ್ಮೂರಿನ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಮೊಣಕಾಲಿಗೆ ತಟ್ಟಿ, ಕೆಲಸ ಹೆಚ್ಚೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು. ಆಮೇಲೆ, “ತಲಿಗೆ ಏನಾದ್ರೂ ಪೆಟ್ಟು ಬಿದ್ದಿತ್ತೇನ್ರಿ?”

“ಇಲ್ಲ.”

“ಬಿದ್ದಿದ್ದು, ಜಾರಿದ್ದು, ಗಾಡಿ ಮೇಲಿಂದ?”

“ಬಿದ್ದಿದ್ರ ನನಗ ಗೊತ್ತಿರ್ತಿತ್ತಲ್ರಿ,” ಎಂದೆ, ಸ್ವಲ್ಪ ಬಿರುಸಾಗಿಯೇ.

ರತ್ನ ಪಕ್ಕದಲ್ಲಿ ಕೂತು ಬಳೆ ತಿರುಗಿಸುತ್ತಿದ್ದಳು. ಅಥವಾ ಬಳೆಯನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ. ಡಾಕ್ಟರು ಶಕ್ತಿಗೆ ಗುಳಿಗೆ ಬರೆದರು. ಎರಡು ದಿನದಲ್ಲಿ ಹಗುರಾಗದಿದ್ದರೆ ದಾವಣಗೆರೆಗೆ ಹೋಗಿ ನರದ ಡಾಕ್ಟರಿಗೆ ತೋರಿಸಿ ಎಂದು ಚೀಟಿಯನ್ನೂ ಕೊಟ್ಟರು. ಚೀಟಿಯನ್ನು ಜೇಬಿಗೆ ಹಾಕಿಕೊಂಡೆ. ನರದ ಡಾಕ್ಟರು ಹೇಳಬಹುದಾದ ಒಂದೇ ಒಂದು ಮಾತು ನನಗೆ ಗೊತ್ತಿತ್ತು, ಅದನ್ನು ಕೇಳಲು ನನಗೆ ಧೈರ್ಯ ಇರಲಿಲ್ಲ.

ಮರುದಿನ ಹಳ್ಳಿಯಿಂದ ಅವ್ವ ಬಂದಳು. ಬಂದವಳೇ ಅಡುಗೆಮನೆಗೆ ಹೋಗಿ ರತ್ನಳ ಜೊತೆ ಗುಸುಗುಸು ಶುರುಮಾಡಿದಳು. ನಾನು ನೀರು ಕುಡಿಯಲು ಹೋದಾಗ ಕಿವಿಗೆ ಬಿದ್ದದ್ದು ಇಷ್ಟು: “ಅಮಾಸಿಗೆ ಇನ್ನ ಹತ್ತು ದಿನ ಐತಿ. ಅಲ್ಲೀತನ ನೀ ಬಾಯಿ ಬಿಡಬ್ಯಾಡ.”

“ಏನದು?” ಎಂದೆ. “ನನ್ನ ಮುಂದ ಹೇಳ್ರಿ.”

“ಏನಿಲ್ಲೋ ಯಪ್ಪಾ, ಮಜ್ಜಿಗಿ ಹುಳಿ ಆಗೈತಿ ಅಂತಿದ್ವಿ.”

ನಾನು ಅಂದುಕೊಂಡದ್ದು, ಇವರಿಬ್ಬರಿಗೂ ಗೊತ್ತಾಗಿದೆ. ಅಪ್ಪನಿಗೆ ಬಂದದ್ದು ಮಗನಿಗೂ ಬಂದಿದೆ, ಅಮಾವಾಸ್ಯೆ ಕಳೆಯಲಿ ಅಂತ ಮುಚ್ಚಿಡುತ್ತಿದ್ದಾರೆ. ಅಲ್ಲಿಂದ ಮುಂದೆ ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಮಾತಾಡಿದರೆ ಪದ ಸಿಗದಿರುವುದು ಅವರಿಗೆ ಕಾಣುತ್ತದಲ್ಲ ಎಂಬ ಅಂಜಿಕೆ ಬೇರೆ. ಒಂದೇ ಸೂರಿನಡಿ ಮೂವರು, ಮೂವರ ಬಾಯಿಗೂ ಬೀಗ.

ಮೂರನೆಯ ದಿನ ತರಗತಿಯಲ್ಲಿ ನಿಂತುಬಿಟ್ಟೆ. ಇದರಲ್ಲಿ ನನ್ನ ನೆನಪು ಒಬ್ಬ ವಿದ್ಯಾರ್ಥಿನಿಯ ದನಿ ಮಾತ್ರ, “ಸರ್, ಕುಂದರ್ರಿ, ಸರ್.” ಉಳಿದದ್ದು ಆ ಹುಡುಗಿಯೇ ಆಮೇಲೆ ಹೇಳಿದ್ದು. ನಾನು ಬೋರ್ಡಿನ ಮೇಲೆ ಬರೆಯುತ್ತ ಇದ್ದೆ, ಅಕ್ಷರಗಳು ಇಳಿಜಾರಿನಲ್ಲಿ ಇಳಿಯುತ್ತ ಬೋರ್ಡಿನ ಅಂಚು ದಾಟಿ ಗೋಡೆಗೆ ಹೋದವು. ಮೊದಲು ಎಲ್ಲರೂ ನಕ್ಕರು. ನಾನು ತಿರುಗಿ ನಿಂತು ಬಾಯಿ ತೆರೆದೆ, ಮಾತು ಬರಲಿಲ್ಲ. ಆಗ ಯಾರೂ ನಗಲಿಲ್ಲ.

ಕಾಲೇಜಿನಿಂದ ಫೋನು ಹೋದ ಅರ್ಧ ಗಂಟೆಗೆ ರತ್ನ ಬಾಡಿಗೆ ಕಾರು ಮಾಡಿಕೊಂಡು ಬಂದಳು. ನನ್ನ ಅಂಗಿಯ ಜೇಬಿನಿಂದ ಚೀಟಿ ತೆಗೆದುಕೊಂಡು, ಡ್ರೈವರಿಗೆ “ದಾವಣಗೇರಿ” ಎಂದಳು.

ಆಸ್ಪತ್ರೆಯ ಹಾಲಿನಲ್ಲಿ ಕಬ್ಬಿಣದ ಕುರ್ಚಿಗಳ ಸಾಲು. ಗೋಡೆಯ ಮೇಲೆ ಕೆಂಪು ಅಂಕಿಗಳಲ್ಲಿ ಟೋಕನ್ ನಂಬರು. ಪಕ್ಕದಲ್ಲಿ ಹೆಗಲ ಮೇಲೆ ಟವೆಲ್ ಹಾಕಿದ ಒಬ್ಬರು ಕೂತಿದ್ದರು. “ಯಾ ಊರ್ರಿ ನಿಮ್ಮದು?” ಎಂದರು. ಬಾಯಿ ತೆರೆದೆ. ನನ್ನ ಊರಿನ ಹೆಸರು ಇರಲಿಲ್ಲ. ಮನೆ, ಕೆರೆ, ಕಾಲೇಜಿನ ದಾರಿ ಎಲ್ಲ ಇತ್ತು. ಹೆಸರಿದ್ದ ಜಾಗದಲ್ಲಿ ಒಂದು ತೂತು. ಕಣ್ಣಲ್ಲಿ ನೀರು ಬಂತು. ಅವರು ಒಂದು ಗಳಿಗೆ ನೋಡಿ, ಟವೆಲಿನ ತುದಿ ಸರಿಮಾಡಿಕೊಂಡು ಹೇಳಿದರು: “ಇರ್ಲಿ ಬಿಡ್ರಿ. ಊರು ಎಲ್ಲಿಗೂ ಓಡಿ ಹೋಗಂಗಿಲ್ಲ. ನಮ್ಮದು ಕೂಡ್ಲಿಗಿ.” ಆಮೇಲೆ ಅವರು ನನ್ನನ್ನು ಏನೂ ಕೇಳಲಿಲ್ಲ, ಉತ್ತರ ಬೇಡದ ಮಾತುಗಳನ್ನಷ್ಟೇ ಆಡಿದರು. ಮಳೆ, ಶೇಂಗಾ, ಅವರ ಬೀಗರ ಗಂಟುಮೋರೆ. ಇಷ್ಟು ಹದವಾಗಿ ಮಾತಾಡುವುದನ್ನು ಅವರು ಎಲ್ಲಿ ಕಲಿತಿದ್ದರೋ. ಅವರ ಹೆಸರನ್ನೂ ನಾನು ಕೇಳಲಿಲ್ಲ.

ಒಳಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಫಾರಂ ತುಂಬುತ್ತಿದ್ದರು. ಮತ್ತೆ ಅದೇ ಪ್ರಶ್ನೆ.

“ಎರಡು ಮೂರು ತಿಂಗಳಲ್ಲಿ ತಲೆಗೆ ಪೆಟ್ಟೇನಾದ್ರೂ ಬಿದ್ದಿತ್ತಾ?”

“ಇಲ್ಲ.”

ಅವರು ಬರೆದುಕೊಂಡರು. ಸ್ಕ್ಯಾನಿಂಗಿಗೆ ಗುರುವಾರ ಬನ್ನಿ, ಅಲ್ಲಿಯವರೆಗೆ ಈ ಗುಳಿಗೆ ಎಂದರು. ಅವತ್ತು ಸೋಮವಾರ. ನಾನು ಕುರ್ಚಿಯ ಹಿಡಿ ಹಿಡಿದು ಎದ್ದೆ. ರತ್ನ ಏಳಲಿಲ್ಲ.

“ಬಿದ್ದಿತ್ರಿ,” ಎಂದಳು.

ಡಾಕ್ಟರಮ್ಮ ಪೆನ್ನು ನಿಲ್ಲಿಸಿದರು.

“ಏಳು ವಾರದ ಹಿಂದ, ಅಮಾಸಿ ದಿನ ಹಳ್ಳಿಗೆ ಹೋಗಿದ್ವಿ, ಮನಿದೇವ್ರು ಬೀರಪ್ಪನ ಗುಡಿಗೆ. ಬಾಗ್ಲು ಗಿಡ್ಡ ಐತ್ರಿ, ತಲಿ ಬಗ್ಗಿಸೇ ಒಳಗ ಹೋಗ್ಬೇಕು. ಇವ್ರು ತಮ್ಮ ಅವ್ವಗ ಏನೋ ಛೇಡಿಸ್ತಾ, ಹಿಂದಕ್ಕ ನೋಡ್ಕೋಂತ ಹೊಕ್ರು. ಮ್ಯಾಲಿನ ಕಲ್ಲು ಎಡಗಡಿಗೆ ಬಡೀತು. ಧಪ್ ಅಂತು. ಹಂಗ ಕುಂತ್ರು. ಒಂದೀಟೊತ್ತು ಕರದ್ರೂ ಮಾತಾಡ್ಲಿಲ್ಲ. ರಕ್ತ ಬರ್ಲಿಲ್ಲ, ಅದಕ ನಾವೂ...” ಅವಳು ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು. “ದೇವ್ರ ಸಿಟ್ಟಿನ ಮಾತು ಬಾಯಾಗ ಆಡಬಾರದು ಅಂತೈತ್ರಿ ನಮ್ಮಲ್ಲಿ. ಎರಡು ಅಮಾಸಿ ಕಳೆದು ಕಾಯಿ ಒಡಿಯೋತನ ಯಾರಿಗೂ ಹೇಳಬಾರದು. ಆಡಿದ್ರ ಅದು ಗಟ್ಟಿ ಆಗ್ತೈತಿ ಅಂತಾರ. ಅತ್ತಿ ನನ್ನ ಕೈಲೆ ಭಾಷಿ ತಗೊಂಡಿದ್ರು.”

“ಸುಳ್ಳು,” ಎಂದೆ.

ಆ ಹೊತ್ತಿಗೆ ನನ್ನ ಬಾಯಿಗೆ ಸಿಗುತ್ತಿದ್ದ ಪದಗಳೇ ಬೆರಳೆಣಿಕೆಯಷ್ಟು. ನನ್ನ ಊರಿನ ಹೆಸರು ಸಿಕ್ಕಿರಲಿಲ್ಲ. ಇದು ಸಿಕ್ಕಿತು. ಮತ್ತೊಮ್ಮೆ ಹೇಳಿದೆ, ಜೋರಾಗಿ, ಬಾಗಿಲಾಚೆ ಕೂತವರಿಗೂ ಕೇಳುವಂತೆ. ಗುಡಿಗೆ ಹೋದದ್ದು ನನಗೆ ನೆನಪಿತ್ತು. ಊಟ ನೆನಪಿತ್ತು, ವಾಪಸು ಬಂದ ಬಸ್ಸಿನ ಸೀಟೂ ನೆನಪಿತ್ತು. ಬಾಗಿಲು, ಕಲ್ಲು, ಕುಸಿದು ಕೂತದ್ದು ಇಲ್ಲವೇ ಇಲ್ಲ. ಇವತ್ತಿಗೂ ಇಲ್ಲ. ನನ್ನ ತಲೆಗೆ ಬಿದ್ದ ಪೆಟ್ಟಿಗೆ ನಾನು ಸಾಕ್ಷಿಯಲ್ಲ.

ಡಾಕ್ಟರಮ್ಮ ಯಾರು ಸರಿ ಎಂದು ಕೇಳಲಿಲ್ಲ. ರತ್ನಳನ್ನು ಕೇಳಿದರು: ವಾಂತಿ ಆಗಿತ್ತೇ, ಎಷ್ಟು ಹೊತ್ತು ಮಾತಾಡಲಿಲ್ಲ, ಆಮೇಲೆ ಎಷ್ಟು ದಿನಕ್ಕೆ ತಲೆನೋವು ಶುರುವಾಯಿತು. ರತ್ನ ಒಂದೊಂದಕ್ಕೂ ದಿನ ಹಿಡಿದು ಉತ್ತರಿಸಿದಳು. ಏಳು ವಾರ ಅವಳು ನನ್ನನ್ನು ಎಷ್ಟು ನೋಡಿದ್ದಳು ಎಂಬುದು ನನಗೆ ಆಗ ತಿಳಿಯಿತು. ಹುಸೇನಬಿಯ ಅರ್ಜಿಯ ಹಾಳೆಯನ್ನೂ ಪರ್ಸಿನಿಂದ ತೆಗೆದು ಮೇಜಿನ ಮೇಲೆ ಬಿಡಿಸಿ ಇಟ್ಟಳು. ನನ್ನ ಕೈಬರಹ. ಕುಕ್ಕರ್, ಕುರ್ಚಿ. ಎದ್ದು ನಿಂತಿದ್ದವನು ಮತ್ತೆ ಕುರ್ಚಿಯಲ್ಲಿ ಕೂತೆ.

ಡಾಕ್ಟರಮ್ಮ ಆಗ ನನ್ನ ಕಡೆ ತಿರುಗಿ ಹೇಳಿದ್ದನ್ನು ಮಾತ್ರ ನಾನು ಯಾರ ಸಹಾಯವೂ ಇಲ್ಲದೆ ನೆನಪಿಟ್ಟುಕೊಂಡಿದ್ದೇನೆ ಎಂದು ನಂಬಿದ್ದೇನೆ. “ಸರ್, ನಿಮಗೆ ನೆನಪಿಲ್ಲದೇ ಇರೋದು ನಿಮ್ಮ ತಪ್ಪಲ್ಲ. ಅವರು ಹೇಳಿದ್ದನ್ನೂ ಬರ್ಕೊಂಡೀನಿ, ನೀವು ಇಲ್ಲ ಅಂದಿದ್ದನ್ನೂ ಬರ್ಕೊಂಡೀನಿ. ಈಗ ಇಬ್ಬರೂ ಸೇರಿ ಸ್ಕ್ಯಾನಿಂಗಿಗೆ ಹೋಗೋಣ. ಗುರುವಾರ ಬೇಡ, ಈಗಲೇ.”

ಸ್ಕ್ಯಾನಿಂಗ್ ಆಗಿ ಒಂದು ಗಂಟೆಯೊಳಗೆ ದೊಡ್ಡ ಡಾಕ್ಟರು ಬಂದರು. ಒಂದು ಹಾಳೆಯ ಮೇಲೆ ಗುಂಡಗೆ ತಲೆ ಬರೆದು, ಎಡಗಡೆಯ ಅಂಚಿಗೆ ಪೆನ್ನಿನಿಂದ ಕಪ್ಪು ಮಾಡಿದರು. ಅಲ್ಲಿ ವಾರಗಟ್ಟಲೆಯಿಂದ ರಕ್ತ ನಿಧಾನವಾಗಿ ಜಿನುಗಿ ನಿಂತಿದೆ, ಅದು ಮೆದುಳನ್ನು ಒತ್ತುತ್ತಿದೆ, ತೆಗೆಯಬೇಕು, ಇವತ್ತೇ. “ನಿಮ್ಮ ತಂದೆಗೆ ಇದ್ದದ್ದು ಇದಲ್ಲ,” ಎಂದರು, ರತ್ನ ಕೇಳಿದ್ದಕ್ಕೆ. “ಗುರುವಾರದ ತನಕ ಮನೆಗೆ ಹೋಗಿದ್ದಿದ್ರೆ,” ಎಂದವರು ಮುಂದೆ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಪೂರ್ತಿ ಮಾಡದ ಆ ವಾಕ್ಯ ಈಗಲೂ ಹಗಲು ಹೊತ್ತಿನಲ್ಲೇ, ಸುಮ್ಮನೆ ಟೀ ಕುಡಿಯುವಾಗ, ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತದೆ.

ಒಪ್ಪಿಗೆ ಪತ್ರ ತಂದರು. ಊರಿನ ಅರ್ಜಿಗಳನ್ನೆಲ್ಲ ಓದಿ ತಿದ್ದಿದವನಿಗೆ ಆ ಸಾಲುಗಳು ಇರುವೆ ಸಾಲಿನಂತೆ ಕಂಡವು. ರತ್ನ ಪ್ರತಿ ಸಾಲನ್ನೂ ನನಗೆ ಓದಿ ಹೇಳಿ ಸಹಿ ಮಾಡಿದಳು. ಮಾತು ಹೋಗುವ ಸಾಧ್ಯತೆ ಇದೆ ಎಂಬ ಸಾಲಿಗೆ ಬಂದಾಗ ನಿಲ್ಲಿಸಿ ನನ್ನ ಮುಖ ನೋಡಿದಳು. ಅದನ್ನೂ ಓದಿದಳು.

ತಲೆ ಬೋಳಿಸಿ ಒಳಗೆ ಕರೆದೊಯ್ದರು. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಆ ಜಾಗಕ್ಕಷ್ಟೇ ಮರಗಟ್ಟಿಸುತ್ತೇವೆ ಎಂದಾಗ ಹಲ್ಲು ಕಟಕಟ ಶುರುವಾಯಿತು. ಅದುವರೆಗೆ ಎಲ್ಲರೂ ನನಗೆ ಹೇಳುತ್ತಿದ್ದುದು “ಅಂಜಬ್ಯಾಡ್ರಿ, ಏನಾಗಲ್ಲ” ಅಂತ. ಏನಾಗಲ್ಲ ಎಂಬ ಮಾತಿನಷ್ಟು ಭಯ ಹುಟ್ಟಿಸುವುದು ಇನ್ನೊಂದಿಲ್ಲ. ತಲೆಯ ಹತ್ತಿರ ನಿಂತ ನರ್ಸಮ್ಮ ಹಾಗೆ ಹೇಳಲಿಲ್ಲ. “ನಾನು ಹಡಗಲಿಯಾಕಿ ಅದೀನ್ರಿ,” ಎಂದು ಶುರುಮಾಡಿದರು. “ಏನೇನ್ ಆಗ್ತೈತಿ ಅಂತ ಮೊದ್ಲ ಹೇಳ್ಬಿಡ್ತೀನಿ. ಈಗ ತಣ್ಣಗ ಅನಿಸ್ತೈತಿ. ಆಮ್ಯಾಲೆ ಎರಡು ಸೂಜಿ, ಅವು ಉರೀತಾವ. ಅದಾದ ಮ್ಯಾಲೆ ಗುರ್ ಅಂತ ಸಪ್ಪಳ, ತಲಿಯೆಲ್ಲ ತುಂಬ್ತೈತಿ. ನೋವು ಇರಲ್ಲ, ಅಂಜಿಕಿ ಇರ್ತೈತಿ. ಅಂಜಿಕಿ ಬಂದ್ರ ನನ್ನ ಬೆರಳು ಹಿಡ್ಕೊಳ್ರಿ.”

ಅವರು ಹೇಳಿದ ಅನುಕ್ರಮದಲ್ಲೇ ಎಲ್ಲವೂ ಬಂತು. ತಣ್ಣಗೆ, ಉರಿ, ಸದ್ದು. ಆ ಸದ್ದನ್ನು ವಿವರಿಸಲಾರೆ. ಹೊರಗಿನಿಂದ ಬರುವ ಸದ್ದು ಅದಲ್ಲ, ನನ್ನೊಳಗೇ ಹುಟ್ಟಿದ್ದು. ಅಷ್ಟು ಹೆದರಿಕೆ ನನ್ನ ಬದುಕಿನಲ್ಲಿ ನನಗೆ ಆಗಿಲ್ಲ. ಆದರೆ ಇದು ಮೂರನೆಯದು, ಇದಾದರೆ ಮುಗಿಯಿತು ಎಂದು ಗೊತ್ತಿತ್ತು. ಹೆದರಿಕೆಯ ಉದ್ದ ಗೊತ್ತಿದ್ದದ್ದೇ ದೊಡ್ಡ ಉಪಕಾರ. ಆ ಬೆರಳನ್ನು ಎಷ್ಟು ಜೋರಾಗಿ ಹಿಡಿದೆನೆಂದರೆ, ಮರುದಿನ ಅವರು ಬಂದು ನಗುತ್ತ ತೋರಿಸಿದರು, “ನೋಡ್ರಿ ಸರ್, ಉಂಗುರ ಸೊಟ್ಟ ಆತು.”

ಅದೇ ಸಂಜೆ ಮೊದಲು ಬಂದ ಪದ ನೀರು. ಆಮೇಲೆ ರತ್ನ. ಎರಡನೆಯ ದಿನ ಹರಪನಹಳ್ಳಿ. ಕೂಡ್ಲಿಗಿಯವರನ್ನು ಹುಡುಕಿ ಹೇಳಬೇಕೆನಿಸಿತು.

ಮೂರನೆಯ ದಿನ, ಕಿಟಕಿಯಲ್ಲಿ ಬಿಸಿಲು ಬಿದ್ದಿದ್ದಾಗ, ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಕೃತಜ್ಞತೆಗಿಂತ ಪಾಟೀಸವಾಲೇ ಹೆಚ್ಚಿತ್ತು. “ಅವ್ವ ಭಾಷಿ ತಗೊಂಡಿದ್ದು ಸರಿ. ಅಕಿ ಓದಿಲ್ಲ, ನಂಬ್ತಾಳ. ನೀನು ಬಿ.ಎ. ಮಾಡಿದಾಕಿ. ನೀ ಯಾಕ ಹೇಳ್ಲಿಲ್ಲ? ನನಗಾದ್ರೂ?”

ರತ್ನ ಮೂಸಂಬಿ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಹೇಳಿದ್ರ ನೀವು ಏನ್ ಅಂತಿದ್ರಿ?”

“ಏನಂತಿದ್ದೆ?”

“ನಮ್ಮ ಮಗಳಿಗೆ ಆಗ ಆರು ವರ್ಷ. ಜ್ವರ ಬಂದಿತ್ತು. ಅತ್ತಿ ದೃಷ್ಟಿ ತಗದ್ರು. ನಿಮ್ಮ ಕಾಲೇಜಿನ ಮೂರು ಜನ ಹೊರಗ ಚಾ ಕುಡಿತಿದ್ರು. ನೀವು ಅವ್ರ ಮುಂದ ಅಂದ್ರಿ, ಕುರಿ ಕಾಯ್ದು ಕಾಯ್ದು ನಮ್ಮ ಮನ್ಯಾಗ ಎರಡು ಕುರಿ ಉಳಕಂಡಾವ, ಒಂದು ಮುದೀದು, ಒಂದು ಹರೇದ್ದು ಅಂತ. ಅವ್ರು ನಕ್ರು. ಅತ್ತಿ ಉಪ್ಪು ಮೆಣಸಿನಕಾಯಿ ಕೈಯಾಗ ಹಿಡ್ಕೊಂಡು ಹಂಗ ನಿಂತ್ರು.” ಒಂದು ತೊಳೆಯ ಬೀಜ ತೆಗೆದು ನನ್ನ ಕೈಗೆ ಕೊಟ್ಟಳು. “ಅವತ್ತಿಂದ ನಾವಿಬ್ರೂ ನಿಮ್ಮ ಮುಂದ ಏನೂ ಹೇಳಂಗಿಲ್ಲ. ನಿಮಗ ಗೊತ್ತ ಆಗಿಲ್ಲ.”

ನನಗೆ ನೆನಪಿರಲಿಲ್ಲ. ತಲೆಯಲ್ಲಿ ನಿಂತಿದ್ದ ರಕ್ತಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಹದಿಮೂರು ವರ್ಷ ಹಿಂದಿನ ಮಾತು, ಈಗ ಹಾಸ್ಟೆಲಿನಲ್ಲಿರುವ ಮಗಳು ಆಗ ಚಿಕ್ಕವಳು, ನನ್ನ ತಲೆ ಗಟ್ಟಿಯಾಗಿತ್ತು. ಆಡಿದವನಿಗೆ ಅದು ಒಂದು ಚಹಾದ ಹೊತ್ತಿನ ತಮಾಷೆ, ಮರೆತುಹೋಯಿತು. ಕೇಳಿದವರು ಅದನ್ನು ಹದಿಮೂರು ವರ್ಷ ಕಾಪಾಡಿಕೊಂಡು ಬಂದಿದ್ದರು. ‘ಮೋಸಗಾರರು’ ಅಂತ ಬರೆಯಬೇಡಿ, ಓದುವವನು ಅಲ್ಲಿಗೇ ಬಿಡುತ್ತಾನೆ ಎಂದು ಊರಿಗೆಲ್ಲ ಪಾಠ ಹೇಳಿದವನು ನಾನು. ಕಂಪನಿಗಳಿಗೆ ತೋರಿಸಿದ ಮರ್ಯಾದೆಯನ್ನು ಮನೆಯಲ್ಲಿ ತೋರಿಸಿರಲಿಲ್ಲ. ಸುಳ್ಳು ಎಂದು ಮತ್ತೊಮ್ಮೆ ಹೇಳಬಹುದಿತ್ತು. ನನ್ನ ನೆನಪಿನಲ್ಲಿ ಇಲ್ಲ ಎನ್ನುವುದಕ್ಕೆ ಎಷ್ಟು ಬೆಲೆ ಎಂದು ಆ ವಾರ ಕಲಿತಿದ್ದೆ. ಸುಮ್ಮನೆ ತೊಳೆ ತಿಂದೆ.

ಮನೆಗೆ ಬಂದ ಮೇಲೆ ಅವ್ವನನ್ನೂ ಕೇಳಿದೆ. “ನೀ ತಲಿ ಬಗ್ಗಿಸ್ಲಿಲ್ಲ, ಅದಕ ಆತು,” ಎಂದಳು. ರತ್ನ ಬಾಯಿ ಬಿಟ್ಟಿದ್ದಕ್ಕೆ ಬೈಯುತ್ತಾಳೇನೋ ಅಂದುಕೊಂಡೆ. ಬೈಯಲಿಲ್ಲ. “ಅಕಿ ಬಿಟ್ಟಿದ್ದು ಚಲೋ ಆತು. ಪಾಪ ನನ್ನ ತಲಿ ಮ್ಯಾಲೆ ಇರ್ಲಿ,” ಎಂದು ಅಮಾವಾಸ್ಯೆಗೆ ಎರಡು ಕಾಯಿ ಹೆಚ್ಚಿಗೆ ಒಡೆಸಿದಳು. ನನ್ನ ಪ್ರಕಾರ ಕಲ್ಲು ಕಲ್ಲೇ. ದೇವರ ಮೇಲಿನ ಸಂಶಯ ನನಗೆ ಕಡಿಮೆಯಾಗಿಲ್ಲ. ನನ್ನ ಮೇಲಿನದು ಹೆಚ್ಚಾಗಿದೆ.

ಕೊಟ್ರೇಶನ ಹತ್ತಿರ ಹೋಗಿ ಅವತ್ತು ಬೈದದ್ದು ತಪ್ಪಾಯಿತು, ಭಯ ಆಗಿತ್ತು ಎಂದೆ. ಅವನು ಗಾಬರಿಯಾಗಿ ಒಂದು ಪೊಟ್ಟಣ ಜೀರಿಗೆ, ಒಂದು ಪೊಟ್ಟಣ ಓಮ ಎರಡನ್ನೂ ಕಟ್ಟಿಕೊಟ್ಟ, “ಯಾವ್ದು ಅಂತ ಮನಿಗೆ ಹೋಗಿ ತೀರ್ಮಾನ ಮಾಡ್ರಿ ಸರ್.” ಈಗಲೂ ಜನ ಅರ್ಜಿ ಬರೆಸಲು ಬರುತ್ತಾರೆ. ಬರೆದು ಮುಗಿಸಿದ ಮೇಲೆ ಓದಿ ಹೇಳಿ, ನಾಚಿಕೆಗೋ ಅಂಜಿಕೆಗೋ ನೀವು ಹೇಳದೆ ಬಿಟ್ಟದ್ದೇನಾದರೂ ಇದೆಯೇ ಎಂದು ಕೇಳುತ್ತೇನೆ. ಹತ್ತರಲ್ಲಿ ಏಳೆಂಟು ಜನ ಆಗ ಒಂದು ಉಸಿರು ಬಿಟ್ಟು, “ಒಂದು ಐತ್ರಿ” ಎನ್ನುತ್ತಾರೆ.

ಈ ಕಾಯಿಲೆ ಮರುಕಳಿಸಬಹುದು ಎಂದಿದ್ದಾರೆ. ಹಾಗಾಗಿ ಹೆದರಿಕೆ ಮುಗಿದಿಲ್ಲ. ಒಂದು ಹೆಸರು ನಾಲಿಗೆಯ ತುದಿಯಲ್ಲಿ ನಿಂತರೆ ಸಾಕು, ಬಲಗಾಲ ಕಡೆ ನೋಡಿಕೊಳ್ಳುತ್ತೇನೆ. ಮೊನ್ನೆ ಮತ್ತೆ ತೋರಿಸಲು ದಾವಣಗೆರೆಗೆ ಹೋಗಿದ್ದೆವು. ಡಾಕ್ಟರು ಕೇಳಿದ್ದಕ್ಕೆ ನಾನು ಎಲ್ಲ ಸರಿ ಇದೆ ಎಂದೆ. ಅವರು ರತ್ನಳ ಕಡೆ ನೋಡಿದರು. “ನಿನ್ನಿ ಗೇಟಿಗೆ ಬೀಗ ಹಾಕಿದ್ನ ಎರಡು ಸ್ಯಾರಿ ಕೇಳಿದ್ರು,” ಎಂದಳು. ನಾನು ಒಂದೇ ಸಲ ಕೇಳಿದ್ದೆ. ಬಾಯಿ ತನಕ ಬಂದದ್ದನ್ನು ನುಂಗಿಕೊಂಡೆ. ಇನ್ನೊಂದು ಸ್ಕ್ಯಾನಿಂಗ್ ಬರೆದುಕೊಟ್ಟರು.

ಕರೆಯುವವರೆಗೆ ಹಾಲಿನಲ್ಲಿ ಕೂತೆವು. ಸುಮ್ಮನೆ ಕೂರಲಾಗದೆ ಕೇಳಿದೆ, “ಇನ್ನೇನಾದ್ರೂ ಐತೇನು, ನನಗ ಹೇಳದ ಇಟ್ಟಿದ್ದು?”

ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ನಿಮ್ಮದಲ್ಲ,” ಎಂದಳು. “ನಂದು. ಎಡಗೈ ಬೆರಳು ಜೋಮು ಹಿಡೀತಾವ. ಲೋಟ ಕೈಜಾರಿ ಬೀಳ್ತಾವ. ಯುಗಾದಿಗೆ ಮುಂಚಿಂದ.”

ಯುಗಾದಿ ಎಂದರೆ, ನನ್ನ ತಲೆಗೆ ಪೆಟ್ಟು ಬೀಳುವುದಕ್ಕೂ ಮೊದಲು. ನಾನು ಅವಳ ಕೈ ನೋಡಿದೆ. ಇಷ್ಟು ತಿಂಗಳು ಅದೇ ಕೈ ನನಗೆ ಗುಳಿಗೆ ಎಣಿಸಿ ಕೊಟ್ಟಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಎದ್ದು ಕೌಂಟರಿಗೆ ಹೋದೆ. ರತ್ನ ಬೇಡ ಬೇಡ ಎನ್ನುತ್ತ ಹಿಂದೆಯೇ ಬಂದಳು.

“ಪೇಷಂಟ್ ಹೆಸರು ಹೇಳ್ರಿ,” ಎಂದರು ಕೌಂಟರಿನಲ್ಲಿದ್ದವರು.

“ನಾಗರತ್ನ.”

“ಏನ್ ತೊಂದ್ರಿ ಐತಿ?”

ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು, ಪದಕ್ಕೆ ಪದ ಜೋಡಿಸಿಕೊಂಡು. “ಅವ್ರನ್ನ ಕೇಳ್ರಿ,” ಎಂದು ಪಕ್ಕಕ್ಕೆ ಸರಿದು ನಿಂತೆ.